ಮಹಾಕೂಟ: ಹೊಂಡ, ಗುಡಿಗಳು ಮತ್ತು ಊರು ಬಿಟ್ಟ ಕಂಬ

ಮಹಾಕೂಟ ಬಾಗಲಕೋಟೆ ಜಿಲ್ಲೆ ಬಾದಾಮಿ ತಾಲ್ಲೂಕಿನ ತೀರ್ಥಕ್ಷೇತ್ರ. ಬಾದಾಮಿಯಿಂದ ಸಡಕಿನ ದಾರಿಯಲ್ಲಿ ಸುಮಾರು 14 ಕಿ.ಮೀ. ಆಗುತ್ತದೆ; ಗುಡ್ಡ ದಾಟಿಸುವ ಹಳೆಯ ಕಾಲುದಾರಿ ಇದಕ್ಕಿಂತ ಬಹಳ ಹತ್ತಿರದ್ದು. ಮಗ್ಗುಲಿನ ಹಳ್ಳಿ ನಂದಿಕೇಶ್ವರ. 1909ರಲ್ಲಿ ಹಾನಗಲ್ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರ ಮಲಪ್ರಭೆಯ ದಂಡೆಯಲ್ಲಿ ಅನತಿದೂರದಲ್ಲಿದೆ.

ಈ ಕ್ಷೇತ್ರಕ್ಕೆ ಮೂಲ ನೀರೇ. ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಗುಡ್ಡಗಳ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊಮ್ಮುತ್ತದೆ. ಆ ಒರತೆಯ ಸುತ್ತ ಕಲ್ಲು ಕಟ್ಟಿ ಮಾಡಿದ್ದೇ ವಿಷ್ಣು ಪುಷ್ಕರಿಣಿ. ಜನರ ಬಾಯಲ್ಲಿ ಬರೀ ಹೊಂಡ. ಅದರ ನೀರಿನಲ್ಲೇ ನಿಂತ ಪುಟ್ಟ ಮಂಟಪದಲ್ಲಿ ಚತುರ್ಮುಖ ಲಿಂಗವಿದೆ. ಜಪಾನಿನ ಬಿಸಿನೀರಿನ ಊರುಗಳಲ್ಲಿರುವ ಕಾವು ಇಲ್ಲಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಅಂಥ ನೀರನ್ನು ಯಾರೂ ಬಯಸಲಾರರು. ಇಲ್ಲಿ ಜನ ಹುಡುಕಿಕೊಂಡು ಬರುವುದು ತಂಪನ್ನು. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಡೆಯಿಂದ ಬಂದವರು ಮೊದಲು ಮುಳುಗು ಹಾಕಿ, ಆಮೇಲೆ ಮಹಾಕೂಟೇಶ್ವರನ ದರ್ಶನ ಮಾಡುತ್ತಾರೆ. ಶ್ರಾವಣ ಸೋಮವಾರಗಳಂದು ಹೊಂಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ನಾನ ಮುಗಿಸಿದವರಿಗೆ ಖಡಕ್ ರೊಟ್ಟಿ, ಕೆಂಪು ಚಟ್ನಿ, ಕೆನೆಮೊಸರು ಮಾರುವ ಹೆಂಗಸರು ಬಾದಾಮಿ ಬಳಿಯ ಬನಶಂಕರಿಯಲ್ಲಿರುವಂತೆ ಇಲ್ಲಿಯೂ ಉಂಟು.

ಸ್ಥಳಪುರಾಣ ಅಗಸ್ತ್ಯನದು. ಇಲ್ವಲನೆಂಬ ರಾಕ್ಷಸ ತಮ್ಮ ವಾತಾಪಿಯನ್ನು ಟಗರಾಗಿ ಮಾಡಿ, ಕೊಯ್ದು ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ ಹೆಸರು ಹಿಡಿದು ಕೂಗಿದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿ ಬರುತ್ತಿದ್ದ. ಅಗಸ್ತ್ಯ ಅವನನ್ನು ಅರಗಿಸಿಕೊಂಡ. ಹಳೆಯ ಕಾಲುದಾರಿಯ ಕಡೆಯ ಬಾಗಿಲಲ್ಲಿ ನಿಂತಿರುವ ಎಲುಬುಗೂಡಿನಂಥ ಎರಡು ಮೂರ್ತಿಗಳನ್ನು ಈ ಅಣ್ಣತಮ್ಮಂದಿರೆಂದೇ ತೋರಿಸುತ್ತಾರೆ. ಶಿಲ್ಪ ಬಲ್ಲವರಿಗೆ ಅವು ಶಿವನ ಮತ್ತು ದೇವಿಯ ಉಗ್ರರೂಪಗಳು. ಜನರಿಗೆ ಕಥೆಯೇ ಹೆಚ್ಚು ನಂಬಿಕೆಯದು.

ಆವರಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಡಿಗಳಿವೆ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳ ಶಿಖರ ದ್ರಾವಿಡ ರೀತಿಯದು, ಸಂಗಮೇಶ್ವರದ್ದು ನಾಗರ. ಪಟ್ಟದಕಲ್ಲಿನಲ್ಲಿ ಮುಂದೆ ಹಿರಿದಾಗಿ ಬೆಳೆದ ಈ ಜೋಡಿ ಇಲ್ಲಿ ಒಂದು ಶತಮಾನ ಮೊದಲೇ ಕಾಣುತ್ತದೆ. ಹೊಗಳಿಕೆ ಮಾತ್ರ ಪಟ್ಟದಕಲ್ಲಿಗೆ ಸಂದಿದೆ.

ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದಲ್ಲಿ ವಿನಾಪೋಟಿಯ ಕನ್ನಡ ಶಾಸನವಿದೆ. ಅವಳು ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆ, ಗಣಿಕೆಯರ ಮನೆತನದವಳು. ಶಾಸನ ಅವಳ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳು ಇವರ ಹೆಸರು ಹೇಳುತ್ತದೆ. ತಂದೆಯ ಸುದ್ದಿಯೇ ಇಲ್ಲ. ಹಿರಣ್ಯಗರ್ಭವೆಂಬ ಮಹಾದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಹೊಲವನ್ನೂ ಬಿಟ್ಟಳು. ಅರಸರೇ ಮಾಡಿಸಿ ಹೆಮ್ಮೆಪಡುತ್ತಿದ್ದ ಹಿರಣ್ಯಗರ್ಭವನ್ನು ಗಣಿಕೆಯೊಬ್ಬಳು ಮಾಡಿಸಿದಳೆಂಬುದಕ್ಕೆ ಈ ಕಂಬವೇ ಸಾಕ್ಷಿ.

ಕ್ಷೇತ್ರದ ಇನ್ನೊಂದು ದಾಖಲೆ ಚಾಲುಕ್ಯ ಅರಸ ಮಂಗಲೇಶನ ಧರ್ಮಜಯಸ್ತಂಭ. ಭಾಷೆ ಸಂಸ್ಕೃತ. ಜಯಸಿಂಹನಿಂದ ಮಂಗಲೇಶನವರೆಗೆ ಚಾಲುಕ್ಯ ವಂಶಾವಳಿ ಅದರಲ್ಲಿದೆ. ಮಂಗಲೇಶನ ಅಣ್ಣ ಕೀರ್ತಿವರ್ಮ ವಂಗ, ಕಳಿಂಗ, ಮಗಧಗಳನ್ನೂ ಗೆದ್ದನೆಂಬ ಮಾತನ್ನು ಅಕ್ಷರಶಃ ನಂಬಬೇಕಿಲ್ಲ. ಪ್ರಶಸ್ತಿಯ ಧಾಟಿಯೇ ಅಂಥದು. ಮಂಗಲೇಶನಿಗೆ ಉತ್ತರವನ್ನು ಗೆದ್ದು ಭಾಗೀರಥಿಯ ದಡದಲ್ಲಿ ಜಯಸ್ತಂಭ ನಿಲ್ಲಿಸುವ ಆಸೆ. ಅದಕ್ಕೆ ಮೊದಲು ಧರ್ಮದ ಕಂಬವನ್ನು ಇಲ್ಲಿ ನಿಲ್ಲಿಸಿದ. ಕಲಚುರಿ ಅರಸ ಬುದ್ಧರಾಜನನ್ನು ಸೋಲಿಸಿ ತಂದ ಸಂಪತ್ತನ್ನು ಮಕುಟೇಶ್ವರನಾಥನಿಗೆ, ಅಂದರೆ ಮಹಾಕೂಟೇಶ್ವರನಿಗೆ, ಒಪ್ಪಿಸಿದ್ದ. ತಂದೆಯ ರಾಣಿ ದುರ್ಲಭದೇವಿಯ ಒಪ್ಪಿಗೆಯೊಂದಿಗೆ ದೇವರ ಭೋಗಕ್ಕೆ ಹತ್ತು ಹಳ್ಳಿಗಳು ಸಂದವು.

ತಕರಾರಿರುವುದು ಕಾಲದ ಬಗ್ಗೆ. ಶಕವರ್ಷ ಕೊಡದೆ ಮಂಗಲೇಶನ ಆಳ್ವಿಕೆಯ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖ ಹುಣ್ಣಿಮೆ ಎಂದಷ್ಟೇ ಬರೆದಿದೆ. ದಕ್ಷಿಣದ ಈಗಿನ ಎಣಿಕೆಯಲ್ಲಿ ಆ ಸಂವತ್ಸರ 599ಕ್ಕೆ ಬೀಳುತ್ತದೆ. ಬೃಹಸ್ಪತಿಯ ಚಲನೆ ಹಿಡಿದು ಎಣಿಸಿದರೆ 601–02ಕ್ಕೆ. ಶಾಸನವನ್ನು ಪ್ರಕಟಿಸಿದ ಫ್ಲೀಟ್ ಎರಡನೆಯ ಲೆಕ್ಕ ಹಿಡಿದು 602ರ ಏಪ್ರಿಲ್ ಎಂದರು. 595–96 ಎನ್ನುವವರೂ ಇದ್ದಾರೆ. ಆದರೆ ಬುದ್ಧರಾಜನ ತಂದೆ ಶಂಕರಗಣನ ತಾಮ್ರಪಟ 590ರ ದಶಕದ್ದು, ಬುದ್ಧರಾಜನ ಸ್ವಂತ ತಾಮ್ರಪಟಗಳು 7ನೆಯ ಶತಮಾನದ ಮೊದಲ ದಶಕದವು. ಮಗ ಪಟ್ಟಕ್ಕೆ ಬಂದ ಮೇಲಲ್ಲವೇ ಸೋಲುವುದು? ಫ್ಲೀಟರ 602ರ ಪಕ್ಷವೇ ಗಟ್ಟಿ.

ಇದೇ ಕಾಲದಲ್ಲಿ, 596ರಲ್ಲಿ, ಜಪಾನಿನ ರಾಜಕುಮಾರ ಶೋತೊಕು ದೋಗೋ ಎಂಬಲ್ಲಿನ ಬಿಸಿನೀರಿಗೆ ಬಂದುದರ ನೆನಪಿಗೆ ಕಲ್ಲು ನಿಲ್ಲಿಸಿದರೆಂದು ಅಲ್ಲಿನ ಹಳೆಯ ಗ್ರಂಥಗಳು ಹೇಳುತ್ತವೆ. ಆ ಕಲ್ಲು ಕಳೆದುಹೋಗಿ ಬರಹದ ಪ್ರತಿ ಮಾತ್ರ ಉಳಿದಿದೆ. ಮಹಾಕೂಟದ ಕಂಬ ಕಳೆದಿಲ್ಲ, ಊರು ಬಿಟ್ಟಿದೆ. ಗುಡಿಯ ಹೊರಗೆ ಬಿದ್ದಿದ್ದ ಅದನ್ನು ವಿಜಾಪುರಕ್ಕೆ ಸಾಗಿಸಲಾಯಿತು. ಈಗ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿದೆ. 1997ರಲ್ಲಿ ವಿಜಾಪುರದಿಂದ ಒಡೆದು ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ತಾಲ್ಲೂಕುಗಳು ಈಚೆ ಬಂದವು, ಕಂಬ ಬರಲಿಲ್ಲ. ಇದೇ ಸೀಮೆಯ ನಾಗನಾಥಕೊಳ್ಳದ ಲಜ್ಜಾಗೌರಿಗೆ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಕ್ಕಿರುವಾಗ ಈ ಕಂಬಕ್ಕೂ ಸಿಗಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸದ್ಯಕ್ಕೆ ಹೊಂಡದಲ್ಲಿ ಮಿಂದವರು ಮಂಗಲೇಶನ ಅಕ್ಷರ ನೋಡಬೇಕೆಂದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ವಿನಾಪೋಟಿಯ ಶಾಸನ ಮಾತ್ರ ಗುಡಿಯ ಮುಂಭಾಗದಲ್ಲೇ ಇದೆ.