ದಿನ ತುಂಬದ ಕೂಸಿನ ಕಣ್ಣು: ತಡವಾದ ತಪಾಸಣೆ ಮತ್ತು ಕಾನೂನು

ದಿನ ತುಂಬುವ ಮುನ್ನ ಹುಟ್ಟಿದ ಕೂಸು ಆಸ್ಪತ್ರೆಯಿಂದ ಮನೆಗೆ ಬಂದರೆ ಸಾಕೆಂದು ನಾವೆಲ್ಲ ದೇವರಿಗೆ ಕೈಮುಗಿಯುತ್ತೇವೆ. ತೂಕ, ಹಾಲು, ಲಸಿಕೆಗಳ ವಿಚಾರಣೆ ನಡೆಯುತ್ತದೆ. ಕಣ್ಣಿನ ಮಾತು ಬರುವುದು ಅಪರೂಪ. ಆ ಮರೆವಿಗೆ ಕೂಸು ತೆರುವ ಬೆಲೆ ಜೀವನಪರ್ಯಂತದ ಅಂಧತ್ವವಾಗಬಹುದು.

ರೋಗದ ಸ್ವರೂಪ

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತನಾಳಗಳ ಬೆಳವಣಿಗೆ ಪೂರ್ಣಗೊಳ್ಳುವುದು ಗರ್ಭದ ಕೊನೆಯ ವಾರಗಳಲ್ಲಿ. ಬೇಗ ಹುಟ್ಟಿದ ಶಿಶುವಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಬಳಿಕ ಅಂಕೆಯಿಲ್ಲದೆ ಬೆಳೆದ ನಾಳಗಳು ಅಕ್ಷಿಪಟಲವನ್ನೇ ಎಳೆದು ಕಳಚಬಲ್ಲವು. ಮಿತಿಮೀರಿ ನೀಡಿದ ಆಮ್ಲಜನಕ ಅಪಾಯವನ್ನು ಹೆಚ್ಚಿಸುತ್ತದೆ. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಕಾಣುವುದರಿಂದ ಮನೆಯವರಿಗೆ ತಿಳಿಯದು. 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುವಿಗೆ 30 ದಿನಗಳೊಳಗೆ, ಬಹಳ ಚಿಕ್ಕ ಶಿಶುವಿಗೆ ಇನ್ನೂ ಮುಂಚೆ, ತಜ್ಞರ ತಪಾಸಣೆ ಆಗಬೇಕು. ಸಕಾಲದಲ್ಲಿ ಲೇಸರ್ ಅಥವಾ ಚುಚ್ಚುಮದ್ದು ದೊರೆತರೆ ಬಹುಪಾಲು ದೃಷ್ಟಿ ಉಳಿಯುತ್ತದೆ.

ನ್ಯಾಯಾಲಯದ ನಿಲುವು

1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ ಹುಟ್ಟಿದ ಹೆಣ್ಣುಮಗುವಿಗೆ ಈ ತಪಾಸಣೆ ಆಗಲಿಲ್ಲ. ಪೋಷಕರಿಗೆ ಎಚ್ಚರಿಕೆಯನ್ನೂ ನೀಡಲಿಲ್ಲ. ರೋಗ ಪತ್ತೆಯಾದಾಗ ಕಾಲ ಮಿಂಚಿತ್ತು. 2015ರ ಜುಲೈ 1ರಂದು ಸರ್ವೋಚ್ಚ ನ್ಯಾಯಾಲಯವು ಮುಂದಿನ ಚಿಕಿತ್ಸೆಗಾಗಿ 1.38 ಕೋಟಿ ರೂಪಾಯಿಯನ್ನೂ, ಆಗಿಹೋದ ವೆಚ್ಚವನ್ನು ಪ್ರತ್ಯೇಕವಾಗಿಯೂ ಕೊಡಿಸಿತು. 2019ರ ಡಿಸೆಂಬರಿನಲ್ಲಿ ದೆಹಲಿಯ ಖಾಸಗಿ ಆಸ್ಪತ್ರೆಯೊಂದರ ಇಂಥದೇ ಪ್ರಕರಣದಲ್ಲಿ 76 ಲಕ್ಷ ರೂಪಾಯಿ ಪರಿಹಾರ ವಿಧಿಸಿತು.

ಈ ವಿಚಾರಕ್ಕೆ ನಮ್ಮ ಪುಣೆಯ ನಂಟೂ ಉಂಟು. 1953ರಲ್ಲಿ ತೊಡೆಯ ಮೂಳೆ ಮುರಿದ ತರುಣನೊಬ್ಬನನ್ನು ಇಲ್ಲಿನ ಆಸ್ಪತ್ರೆಗೆ ತರಲಾಗಿ, ಆತ ಅಸುನೀಗಿದ. ಆ ಜೋಶಿ–ಗೋಡಬೋಲೆ ಮೊಕದ್ದಮೆಯಲ್ಲಿ 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯರಿಗೆ ಮೂರು ಕರ್ತವ್ಯಗಳನ್ನು ವಿಧಿಸಿತು: ರೋಗಿಯನ್ನು ಒಪ್ಪಿಕೊಳ್ಳಬೇಕೇ, ಯಾವ ಚಿಕಿತ್ಸೆ ನೀಡಬೇಕು, ಅದನ್ನು ಹೇಗೆ ನೀಡಬೇಕು ಎಂಬ ಮೂರರಲ್ಲೂ ಎಚ್ಚರ. ತನ್ನ ಪರಿಣತಿಗೆ ಮೀರಿದ್ದನ್ನು ತಡಮಾಡದೆ ತಜ್ಞರಿಗೆ ಒಪ್ಪಿಸುವುದೂ ಇದರಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಆದರೆ ಚಿಕಿತ್ಸೆ ಫಲಿಸದಿದ್ದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಇದನ್ನು ಸ್ಪಷ್ಟಪಡಿಸಿದೆ.

ನಾವು ಮಾಡಬೇಕಾದುದು

ಮೂವತ್ತು ದಿನಗಳ ಈ ಗಡುವು ಬರುವುದು ಸರಿಯಾಗಿ ಬಾಣಂತನದ ಕಾಲದಲ್ಲಿ. ಕೂಸನ್ನು ಹೊಸ್ತಿಲು ದಾಟಿಸಬಾರದೆಂಬ ಹಿರಿಯರ ಮಾತು ಒಂದೆಡೆ. ಹೆರಿಗೆ ಪುಣೆಯಲ್ಲಿ, ಬಾಣಂತನ ಧಾರವಾಡದಲ್ಲೋ ಸೊಲ್ಲಾಪುರದಲ್ಲೋ ಎಂಬ ನಮ್ಮ ರೂಢಿ ಇನ್ನೊಂದೆಡೆ. ನಡುವೆ ದಿನಗಳು ಜಾರುತ್ತವೆ. ಆದ್ದರಿಂದ ಬಿಡುಗಡೆಯ ದಿನವೇ ಕಣ್ಣಿನ ತಪಾಸಣೆ ಆಯಿತೇ, ಮುಂದಿನದು ಎಂದು, ಎಲ್ಲಿ ಎಂದು ಕೇಳಿ ಬರೆಸಿಕೊಳ್ಳಬೇಕು. ತವರಿಗೆ ಹೋಗುವುದಿದ್ದರೆ ಆ ಊರಿನ ತಜ್ಞರ ವಿಳಾಸ ಮೊದಲೇ ತಿಳಿದಿರಲಿ. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಜಿಲ್ಲೆಗಳ ಶಿಶುಗಳಿಗೂ ಈ ತಪಾಸಣೆಯನ್ನು ತಲುಪಿಸಿದೆ.

ಕಾಗದಪತ್ರಗಳನ್ನು ಜೋಪಾನವಾಗಿಡಿ. ಕೋರಿದ 72 ಗಂಟೆಗಳೊಳಗೆ ವೈದ್ಯರು ದಾಖಲೆ ಒದಗಿಸಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಸಲ್ಲಿಸಲು ಸಾಮಾನ್ಯವಾಗಿ ಎರಡು ವರ್ಷಗಳ ಅವಕಾಶವಿದೆ.

ಪರಿಹಾರದ ಹಣ ದೃಷ್ಟಿಯನ್ನು ಮರಳಿಸದು. ಮನೆಯ ಹಿರಿಯರು ಕೇಳುವ ಒಂದು ಪ್ರಶ್ನೆ ಅದನ್ನು ಉಳಿಸೀತು.