ಚಿನ್ನಸ್ವಾಮಿ ಕ್ರೀಡಾಂಗಣ, ಬೆಂಗಳೂರು

ಕಬ್ಬನ್ ರಸ್ತೆ ಮತ್ತು ಕ್ವೀನ್ಸ್ ರಸ್ತೆ ಕೂಡುವಲ್ಲಿರುವ ಕ್ರಿಕೆಟ್ ಮೈದಾನ. ಒಂದು ಮಗ್ಗುಲಿಗೆ ಕಬ್ಬನ್ ಉದ್ಯಾನದ ಮರಗಳು, ಕೂಗಳತೆಯಲ್ಲಿ ಮಹಾತ್ಮ ಗಾಂಧಿ ರಸ್ತೆಯ ಅಂಗಡಿ ಸಾಲು. ಕ್ರೀಡಾಂಗಣಗಳನ್ನು ಊರಾಚೆ, ಹೆದ್ದಾರಿಯ ಬದಿಗೆ ಕಟ್ಟುವುದು ರೂಢಿಯಾಗಿರುವಾಗ, ನಗರದ ನಡುಮನೆಯಲ್ಲೇ ಆಟ ನಡೆಸುತ್ತ ಬಂದ ತಾಣವಿದು.

1969ರಲ್ಲಿ ಶಂಕುಸ್ಥಾಪನೆಯಾಯಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ನಡೆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಕಣಕ್ಕೆ ಕಾಲಿಟ್ಟದ್ದು ಇಲ್ಲೇ. ಮಂಡ್ಯದ ವಕೀಲರೂ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದ ಎಂ. ಚಿನ್ನಸ್ವಾಮಿಯವರ ಹೆಸರು ಆಮೇಲೆ ಬಂದದ್ದು. ಹೊನಲು ಬೆಳಕು ಬಂದದ್ದು 1996ರ ವಿಶ್ವಕಪ್ಪಿಗೆ.

ಇಲ್ಲಿಗೆ ಕಾಲ್ನಡಿಗೆಯಲ್ಲೇ ಬರಬಹುದು. 2011ರಲ್ಲಿ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣ, 2016ರಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ ತೆರೆದ ಮೇಲಂತೂ ಗಾಡಿ ತರುವ ಅಗತ್ಯವೇ ಇಲ್ಲ. ಪಂದ್ಯದ ದಿನ ಮಧ್ಯಾಹ್ನವೇ ಫುಟ್‌ಪಾತಿನ ಮೇಲೆ ಕೆಂಪು ಜೆರ್ಸಿಗಳ ರಾಶಿ ಬೀಳುತ್ತದೆ. ಬಣ್ಣದ ಡಬ್ಬಿ ಹಿಡಿದವರು ಮಕ್ಕಳ ಕೆನ್ನೆಗೆ ಬಾವುಟ ಬರೆಯುತ್ತಾರೆ. ಆಟ ಮುಗಿದ ಮೇಲೆ ಆ ಜನವೇ ಸುತ್ತಲಿನ ಹೋಟೆಲುಗಳಿಗೆ ಗಿರಾಕಿ. ಊರಾಚೆಯ ಯಾವ ಕ್ರೀಡಾಂಗಣಕ್ಕೂ ಈ ಭಾಗ್ಯವಿಲ್ಲ.

ಆದರೆ ಗೇಟು ದಾಟಿ ಹೊರಬಂದರೆ ಸಿಗುವುದು ಅಂಗಳವಲ್ಲ, ನೇರ ಫುಟ್‌ಪಾತು. ಸರದಿ ನಿಲ್ಲುವುದೂ ಅಲ್ಲೇ, ದಾರಿಹೋಕರು ನಡೆಯುವುದೂ ಅಲ್ಲೇ. 2025ರ ಜೂನ್ 4ರಂದು, ರಾಯಲ್ ಚಾಲೆಂಜರ್ಸ್ ತಂಡ ಮೊದಲ ಐಪಿಎಲ್ ಪ್ರಶಸ್ತಿ ಗೆದ್ದ ಮರುದಿನ, ಸುಮಾರು 35,000 ಆಸನಗಳ ಈ ಜಾಗಕ್ಕೆ ಲಕ್ಷಗಟ್ಟಲೆ ಜನ ಹರಿದುಬಂದರು. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ವಿಜಯೋತ್ಸವ ನೋಡಲು ಮನೆಯಿಂದ ಹೊರಟವರು ಅವರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ, ಭಾರಿ ಜನಸಂದಣಿಗೆ ಈ ಕಟ್ಟಡದ ವಿನ್ಯಾಸವೇ ಸುರಕ್ಷಿತವಲ್ಲವೆಂದಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು.

ಇದೇ ಮೈದಾನಕ್ಕೆ 2017ರಲ್ಲಿ ಮಳೆನೀರನ್ನು ನೆಲದಡಿಯಿಂದ ಬೇಗ ಹೀರಿ ತೆಗೆಯುವ ಯಂತ್ರ ಬಂದಿತ್ತು. ಹುಲ್ಲಿನ ಮೇಲೆ ಬಿದ್ದ ನೀರು ಹೊರಹೋಗಲು ಇಷ್ಟು ಜತನ ಮಾಡಿದ ಕಡೆ, ಜನ ಹೊರಹೋಗುವ ದಾರಿಗೆ ಅದಕ್ಕಿಂತ ಹೆಚ್ಚಿನ ಜತನ ಬೇಕಿತ್ತು. ಕಾಯಲು ಪ್ರತ್ಯೇಕ ಜಾಗ, ರಸ್ತೆಗೆ ತಾಗದ ಪ್ರವೇಶ ಮತ್ತು ನಿರ್ಗಮನ: ದೊಡ್ಡ ಕೂಟಗಳಿಗೆ ಆಯೋಗ ಕೇಳಿದ್ದರಲ್ಲಿ ಇವು ಮುಖ್ಯ. ಇವು ಆಗುವ ತನಕ ಲಕ್ಷ ಜನರನ್ನು ಈ ಗೇಟುಗಳ ಮುಂದೆ ಸೇರಿಸಕೂಡದು.