ಉಕ್ಕಿನ ಸರಳು, ಬಾವಿಯ ನೀರು, ಧಾರವಾಡದ ಕಲ್ಲು

ಧಾರವಾಡ ಸೀಮೆಯ ನೆಲದಡಿಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಗಟ್ಟಿ ಕಲ್ಲಿನೊಳಕ್ಕೆ ನೀರು ಇಳಿಯದು. ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ.

ಆ ನೀರನ್ನೆತ್ತಲು ಕೈಪಂಪು ಕೂರಿಸಿದ ಕೊಳವೆ ಬಾವಿಯಲ್ಲಿ ನಡುವೆ ಪೈಪು, ಅದರೊಳಗೆ ಉಕ್ಕಿನ ಸರಳು, ಸುತ್ತ ನೀರು, ಅದರಾಚೆ ಕಲ್ಲು. ಪಂಪಿನ ತಲೆಗೆ ಪೆಟ್ಟು ಬಿದ್ದರೆ ಸದ್ದು ಸರಳಿನಲ್ಲಿ ಸೆಕೆಂಡಿಗೆ ಸುಮಾರು 5 ಕಿ.ಮೀ. ವೇಗದಲ್ಲಿ ಇಳಿಯುತ್ತದೆ, 50 ಮೀಟರ್ ಆಳ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ನೀರಿನಲ್ಲಿ ಅದಕ್ಕೆ ಮೂರು ಪಟ್ಟಿಗೂ ಹೆಚ್ಚು ಹೊತ್ತು ಬೇಕು.

ತೆರೆದ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಬಾವಿಯೊಳಗೆ ಅಷ್ಟೂ ಉಳಿಯುವುದಿಲ್ಲ. ಸದ್ದಿನ ಅಲೆಯ ಒತ್ತಡಕ್ಕೆ ಬಾವಿಯ ಗೋಡೆ ಕೂದಲೆಳೆಗಿಂತಲೂ ಕಡಿಮೆ ಹಿಂದೆ ಸರಿಯುತ್ತದೆ, ವೇಗ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಗೋಡೆ ಮೆತ್ತಗಿದ್ದಷ್ಟೂ ಅಲೆ ನಿಧಾನ. ನಡುವಿನ ಪೈಪು ನೀರಿನ ಜಾಗವನ್ನು ಕಿರಿದಾಗಿಸುವುದರಿಂದ ಗೋಡೆಯ ಈ ಪ್ರಭಾವ ಇನ್ನಷ್ಟು ಹೆಚ್ಚುತ್ತದೆ.

ನಿಜವಾದ ಬೆರಗು ಬಿರುಕಿನ ಬಳಿ ಇದೆ. ಅಲೆ ಅಲ್ಲಿಗೆ ಬಂದಾಗ ಒಂದಿಷ್ಟು ನೀರು ಬಿರುಕಿನೊಳಕ್ಕೆ ನುಗ್ಗುತ್ತದೆ. ಅಲೆ ಸೊರಗುತ್ತದೆ, ಒಂದು ಪಾಲು ಮರಳಿ ಮೇಲೇರುತ್ತದೆ. ಅದು ಮರಳಿದ ಹೊತ್ತನ್ನು ಅಳೆದು, ನೀರು ಹೊತ್ತ ಬಿರುಕು ಎಷ್ಟು ಆಳದಲ್ಲಿದೆ ಎಂದು ಭೂಭೌತ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಕೊಳವೆ ಬಾವಿಯನ್ನು ನಂಬಿದವರಿಗೆ ಇದಕ್ಕಿಂತ ಬೆಲೆಯುಳ್ಳ ಸದ್ದು ಕಡಿಮೆ.